ಶಿರಾಡಿ ಇಳಿದ ಬೂಸ್ಟರ್ ಸೀಟು

ಬೆಂಗಳೂರಿಂದ ಪುತ್ತೂರಿಗೆ 300 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಹಾಸನದವರೆಗಿನ ದಾರಿ ದೊಡ್ಡವರಿಗೆ ಬೋರು, ಮಕ್ಕಳಿಗೆ ಇನ್ನೂ ಬೋರು. ನೆಲಮಂಗಲ ದಾಟಿದ್ರೆ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣದ ತೆಂಗಿನ ತೋಟಗಳು. ರಸ್ತೆ ನೇರ, ಅಗಲ, ಸ್ಪೀಡು ತಾನಾಗೇ ನೂರು ಮುಟ್ಟುತ್ತೆ. ಸಕಲೇಶಪುರ ಬಂದಮೇಲೆ ಕಥೆಯೇ ಬೇರೆ. ಅಲ್ಲಿಂದ ಶಿರಾಡಿ ಘಾಟಿ, ತಿರುವು ಮೇಲೆ ತಿರುವು, ಎದುರಿಂದ ಮಂಗಳೂರಿನ ಗ್ಯಾಸ್ ಟ್ಯಾಂಕರುಗಳ ಸಾಲು. ಘಾಟಿ ಕಾಂಕ್ರೀಟ್ ಆದಮೇಲೆ ಗುಂಡಿಗಳು ಹೋದವು, ಗುಂಡಿ ಜತೆ ಜನರ ನಿಧಾನವೂ ಹೋಯ್ತು.

ಒಂದೇ ಪ್ರಯಾಣದಲ್ಲಿ ಎರಡು ಥರದ ಅಪಾಯ ಅಂತ ನಾನು ಈ ದಾರಿಯನ್ನ ನೋಡ್ತೀನಿ. ಹಾಸನದವರೆಗೆ ವೇಗ, ಆಮೇಲೆ ಓವರ್‌ಟೇಕ್. ಈ ಸಲ ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರ ಜಾತ್ರೆಗೆ ಹೊರಟಾಗ ನಮ್ಮ ಪುಟ್ಟಿಗೆ ಐದು ವರ್ಷ, ಎತ್ತರ 108 ಸೆಂ.ಮೀ., ತೂಕ 17 ಕೆ.ಜಿ. ಮಗುವಾಗಿದ್ದಾಗಿನ ಐದು ಪಟ್ಟಿಯ ಹಾರ್ನೆಸ್ ಸೀಟಿನಲ್ಲಿ ಅವಳ ಭುಜ ಪಟ್ಟಿಯ ತೂತಿಗಿಂತ ಮೇಲೆ ಬಂದಾಗಿತ್ತು. ಕಾರಿನ ಬೆಲ್ಟ್ ಹಾಕಿದ್ರೆ ಸೀದಾ ಕುತ್ತಿಗೆಗೆ ಉಜ್ಜುತ್ತೆ. ಈ ನಡುವಿನ ವಯಸ್ಸಿಗೆ ಇರೋದೇ ಬೂಸ್ಟರ್ ಸೀಟು.

ಬೂಸ್ಟರ್ ಏನು ಮಾಡುತ್ತೆ ಅಂತ ತುಂಬಾ ಜನ ಕೇಳ್ತಾರೆ. ಮಗುವನ್ನ ಅದು ಹಿಡಿದುಕೊಳ್ಳೋದಿಲ್ಲ, ಹಿಡಿಯೋದು ಕಾರಿನ ಬೆಲ್ಟೇ. ಬೂಸ್ಟರಿನ ಕೆಲಸ ಮಗುವನ್ನ ಬೆಲ್ಟಿಗೆ ಸರಿಹೊಂದಿಸೋದು, ಅಷ್ಟೇ. ಕಾರಿನ ಬೆಲ್ಟ್ ದೊಡ್ಡವರ ಮೈ ಅಳತೆಗೆ ಮಾಡಿದ್ದು. ಕೆಳಗಿನ ಪಟ್ಟಿ ಸೊಂಟದ ಮೂಳೆ ಮೇಲೆ, ತೊಡೆ ಶುರುವಾಗೋ ಜಾಗದಲ್ಲಿ ಕೂರಬೇಕು. ಮೇಲಿನ ಪಟ್ಟಿ ಭುಜದ ಮಧ್ಯದಿಂದ ಎದೆ ಮೇಲೆ ಹಾಯಬೇಕು. ಐದು ವರ್ಷದ ಮಗುವಿನ ಸೊಂಟದ ಮೂಳೆ ಇನ್ನೂ ದುಂಡಗೆ, ಸಣ್ಣಗೆ ಇರುತ್ತೆ, ಬೆಲ್ಟನ್ನ ತಡೆದು ನಿಲ್ಲಿಸೋ ಅಂಚು ಬೆಳೆದಿರೋದಿಲ್ಲ. ಜತೆಗೆ ದೊಡ್ಡವರ ಸೀಟಿನ ಉದ್ದಕ್ಕೆ ಮಗುವಿನ ತೊಡೆ ಸಾಲದು. ಮೊಣಕಾಲು ಮಡಚೋದಕ್ಕೆ ಅದು ಮುಂದಕ್ಕೆ ಜಾರುತ್ತೆ, ಬೆನ್ನು ಬಿಲ್ಲಾಗುತ್ತೆ, ಬೆಲ್ಟ್ ಮೆಲ್ಲಗೆ ಹೊಟ್ಟೆಗೆ ಏರುತ್ತೆ. ಆಗ ಡಿಕ್ಕಿಯಾದ್ರೆ ಇಡೀ ಬಲ ಬೀಳೋದು ಕರುಳು, ಪಿತ್ತಕೋಶ, ಬೆನ್ನುಹುರಿ ಮೇಲೆ. ಮಗುವನ್ನ ಸ್ವಲ್ಪ ಮೇಲಕ್ಕೆತ್ತಿ, ಬೆಲ್ಟಿಗೆ ತೊಡೆ ಹತ್ತಿರ ಒಂದು ಕೊಕ್ಕೆಯಂಥ ದಾರಿ ಕೊಟ್ಟರೆ ಇದೆಲ್ಲ ತಪ್ಪುತ್ತೆ. ಮೂರು ಬಿಂದುವಿನ ಬೆಲ್ಟನ್ನ ವೋಲ್ವೋದ ನಿಲ್ಸ್ ಬೋಲಿನ್ 1959ರಲ್ಲಿ ತಂದ. ಮಕ್ಕಳಿಗಾಗಿ ಈ ದಿಂಬಿನ ಯೋಚನೆ ಅದೇ ಕಂಪನಿಯಿಂದ ಬಂದಿದ್ದು 1970ರ ದಶಕದಲ್ಲಿ. ಐಡಿಯಾ ಅಷ್ಟು ಹಳೇದು, ಅಷ್ಟು ಸರಳ.

ಸರಳವಾಗಿಲ್ಲದ್ದು ಅಂಗಡಿ. ನಾವು ಹೋದ ಕಡೆ ಸೇಲ್ಸಿನ ಹುಡುಗ ಬೆನ್ನಿಲ್ಲದ ಬರೀ ದಿಂಬಿನ ಬೂಸ್ಟರ್ ತೋರಿಸಿ, ‘ಮೇಡಂ, ಹಗುರ, ಅಗ್ಗ, ಮೂರು ವರ್ಷದಿಂದ ಹನ್ನೆರಡರವರೆಗೆ ನಡೆಯುತ್ತೆ’ ಅಂದ. ನಾನು ಸೀಟನ್ನ ತಿರುಗಿಸಿ ತಳದ ಸ್ಟಿಕರ್ ಹುಡುಕಿದೆ. ಸೀಟಿನ ಜಾತಕ ಎಲ್ಲಾ ಇರೋದು ಆ ಕಿತ್ತಳೆ ಬಣ್ಣದ ಸ್ಟಿಕರ್‌ನಲ್ಲೇ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಅನುಮೋದನೆ ಕೊಟ್ಟ ದೇಶದ ಸಂಖ್ಯೆ, ಆರ್44 ಅಥವಾ ಆರ್129 ಅನ್ನೋ ನಿಯಮದ ಹೆಸರು. ಆರ್44 ಹಳೆಯದು, ತೂಕದ ಲೆಕ್ಕ: 15ರಿಂದ 25 ಕೆ.ಜಿ. ಒಂದು ಗುಂಪು, 22ರಿಂದ 36 ಇನ್ನೊಂದು. ಆರ್129 ಹೊಸದು, ಎತ್ತರದ ಲೆಕ್ಕ, ಪಕ್ಕದಿಂದ ಗುದ್ದುವ ಪರೀಕ್ಷೆಯೂ ಸೇರಿದೆ. ಯುರೋಪಿನ ಅಂಗಡಿಗಳಲ್ಲಿ 2024ರ ಸೆಪ್ಟೆಂಬರ್‌ನಿಂದ ಹಳೆ ನಿಯಮದ ಸೀಟುಗಳ ಮಾರಾಟ ನಿಂತಿದೆ. ನಮ್ಮ ದೇಶಕ್ಕೆ ಎಐಎಸ್-072 ಅನ್ನೋ ಮಾನದಂಡ ಇದೆ. ಇವು ಯಾವುದೂ ಇಲ್ಲದೆ ಬರೀ ‘ಪ್ರೀಮಿಯಂ ಕ್ವಾಲಿಟಿ’ ಅಂತ ಬರೆದಿರೋ ಸೀಟು ಬೆಲ್ಟಿನ ಕೆಳಗಿನ ಕುಶನ್ನು, ಸೀಟಲ್ಲ.

ಆ ಹುಡುಗ ತೋರಿಸಿದ್ದು ಅಷ್ಟರಲ್ಲೇ ಬಿದ್ದುಹೋಯ್ತು. ಹೊಸ ನಿಯಮದಲ್ಲಿ ಬೆನ್ನಿಲ್ಲದ ಬೂಸ್ಟರ್ 125 ಸೆಂ.ಮೀ. ದಾಟಿದ ಮಕ್ಕಳಿಗೆ ಮಾತ್ರ. ಕಾರಣ ಶಿರಾಡಿಯಲ್ಲಿ ಕಣ್ಣಾರೆ ಕಾಣುತ್ತೆ, ಮುಂದೆ ಹೇಳ್ತೀನಿ. ಕೊನೆಗೆ ನಾವು ಆರಿಸಿದ್ದು 100ರಿಂದ 150 ಸೆಂ.ಮೀ.ನ, ಎತ್ತರದ ಬೆನ್ನಿರೋ ಆರ್129 ಸೀಟು. ಮಗು 125 ದಾಟಿದಮೇಲೆ ಬೆನ್ನು ಕಳಚಬಹುದು ಅಂತ ಅದರ ಕೈಪಿಡಿಯಲ್ಲೇ ಇದೆ. ಒಂಬತ್ತು ಸಾವಿರ ಚಿಲ್ಲರೆ. ಕಾರಿಗೆ ಹಾಕಿಸೋ ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ಮಿಗೆ ಅದಕ್ಕಿಂತ ಜಾಸ್ತಿ ಕೊಟ್ಟವರನ್ನ ನಾನು ನೋಡಿದ್ದೀನಿ.

ಕೊಳ್ಳೋ ಮುಂಚೆ ಸೀಟನ್ನ ಪಾರ್ಕಿಂಗಿಗೆ ಹೊತ್ತುಕೊಂಡು ಹೋಗಿ ನಮ್ಮದೇ ಕಾರಲ್ಲಿಟ್ಟು ನೋಡಿದ್ವಿ. ಇದನ್ನ ಮಾತ್ರ ಬಿಡಬೇಡಿ. ಕೆಲವು ಸಣ್ಣ ಕಾರುಗಳ ಹಿಂದಿನ ಸೀಟಿಗೆ ಹೆಡ್‌ರೆಸ್ಟ್ ಅಂಟಿಕೊಂಡೇ ಇರುತ್ತೆ, ಬೂಸ್ಟರಿನ ಬೆನ್ನು ಅದಕ್ಕೆ ತಾಗಿ ಮುಂದಕ್ಕೆ ವಾಲುತ್ತೆ. ಕೆಲವದರಲ್ಲಿ ಬಕಲ್ ಸೀಟಿನೊಳಗೆ ಹೂತಿರುತ್ತೆ, ಬೂಸ್ಟರ್ ಇಟ್ಟಮೇಲೆ ಕೈಯೇ ಹೋಗೋದಿಲ್ಲ. ಕೈ ಹೋಗದಿದ್ರೆ ಎರಡನೇ ವಾರಕ್ಕೆ ಬೆಲ್ಟ್ ಹಾಕೋದೇ ನಿಂತುಹೋಗುತ್ತೆ. ಐಸೋಫಿಕ್ಸ್ ಕೊಂಡಿ ಇದ್ರೆ ಒಳ್ಳೇದು, ತಿರುವಲ್ಲಿ ಸೀಟು ಜಾರೋದಿಲ್ಲ. ಆದ್ರೆ ಅದು ಹಿಡಿಯೋದು ಬೂಸ್ಟರನ್ನ, ಮಗುವನ್ನಲ್ಲ.

ಸೀಟು ಕೂತಿತು. ಮನೆಯವರು ಕೂರಬೇಕಲ್ಲ.

ನಾವು ಐದು ಜನ. ನಾನು, ಗಂಡ, ಪುಟ್ಟಿ, ಅತ್ತೆ, ಮಾವ. ಕಾರು ಹ್ಯಾಚ್‌ಬ್ಯಾಕ್. ಹಿಂದಿನ ಸೀಟಿನಲ್ಲಿ ಬೂಸ್ಟರ್ ಇಟ್ಟರೆ ಪಕ್ಕದಲ್ಲಿ ಒಬ್ಬರು ಆರಾಮ, ಇಬ್ಬರು ಅಂದ್ರೆ ಮಧ್ಯದವರ ಬಕಲ್ ಬೂಸ್ಟರಿನ ಅಡಿಗೆ. ಅಂದ್ರೆ ಯಾರೋ ಒಬ್ಬರು ಬೆಲ್ಟಿಲ್ಲದೆ 300 ಕಿ.ಮೀ. ಮಾವ ಕೇಳಿದ್ದು ಒಂದೇ ಪ್ರಶ್ನೆ: ‘ಮಗು ನನ್ನ ಮಡಿಲಲ್ಲಿ ಕೂತ್ರೆ ಎಂತ ಆಗ್ತದೆ?’

ನಾನು ತುಮಕೂರು ಕಡೆಯವಳು, ಅವರು ಪುತ್ತೂರಿನವರು. ಅವರ ‘ಎಂತ’ದಲ್ಲಿ ಸಿಟ್ಟು ಎಷ್ಟು, ಕುತೂಹಲ ಎಷ್ಟು ಅಂತ ಆರು ವರ್ಷ ಆದ್ರೂ ನನಗೆ ಪೂರ್ತಿ ತಿಳಿಯೋದಿಲ್ಲ. ಅವರು ಹೈಸ್ಕೂಲಿನಲ್ಲಿ ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದವರು. ಹಾಗಾಗಿ ಲೆಕ್ಕದಲ್ಲೇ ಉತ್ತರ ಕೊಟ್ಟೆ. ಕಾರು 50 ಕಿ.ಮೀ. ವೇಗದಲ್ಲಿ ಗುದ್ದಿ 0.1 ಸೆಕೆಂಡಿನಲ್ಲಿ ನಿಂತರೆ, 17 ಕೆ.ಜಿ.ಯ ಮಗುವನ್ನ ಹಿಡಿದಿಡೋಕೆ ಸುಮಾರು 240 ಕೆ.ಜಿ. ತೂಕ ಎತ್ತುವಷ್ಟು ಬಲ ಬೇಕು. ‘ಅಪ್ಪಾ, ನಿಮ್ಮ ಕೈಲಿ ಅಕ್ಕಿ ಮೂಟೆಯೇ ಎತ್ತಿಸೋದಿಲ್ಲ ನಾವು’ ಅಂದುಬಿಟ್ಟ ನನ್ನ ಗಂಡ. ಆ ಮಾತು ಬೇಕಿರಲಿಲ್ಲ. ಮಾವ ಎದ್ದು ಹೋದರು. ಮೊಮ್ಮಗಳನ್ನ ಹುಟ್ಟಿದ ದಿನದಿಂದ ಎತ್ತಿ ಆಡಿಸಿದ ಕೈ ಅದು. ಅದರ ಮೇಲೇ ನಂಬಿಕೆಯಿಲ್ಲ ಅಂತ ಅವರಿಗೆ ಕೇಳಿಸಿತ್ತು. ಎರಡು ದಿನ ನನ್ನ ಹತ್ರ ಮಾತಿಲ್ಲ. ಅತ್ತೆ ಮಾತ್ರ ಗಲಾಟೆಯಿಲ್ಲದೆ ರಾತ್ರಿ ರೈಲಿಗೆ ಎರಡು ಟಿಕೆಟ್ ಮಾಡಿಸೋಕೆ ಹೇಳಿದ್ರು. ‘ಕಬಕ ಪುತ್ತೂರಲ್ಲಿ ಇಳಿದ್ರೆ ಆಟೋ ಉಂಟು, ಕಾಲು ಚಾಚಿ ಮಲಗಬಹುದು’ ಅಂತ.

ಹೀಗೆ ಕಾರಲ್ಲಿ ಮೂವರೇ ಹೊರಟ್ವಿ, ಬೆಳಗ್ಗೆ ಐದೂವರೆಗೆ. ಗೆದ್ದ ಹಾಗೆ ಅನ್ನಿಸಲಿಲ್ಲ.

ಯಡಿಯೂರು ಬರೋವರೆಗೆ ಪುಟ್ಟಿ ನಿದ್ದೆ. ಎದ್ದಮೇಲೆ ಅವಳು ಮೊದಲು ಹೇಳಿದ್ದು ‘ಎಲ್ಲಾ ಕಾಣುತ್ತೆ’ ಅಂತ. ಹಳೇ ಸೀಟಿನಲ್ಲಿ ಅವಳಿಗೆ ಕಾಣ್ತಿದ್ದದ್ದು ಆಕಾಶ, ಕರೆಂಟ್ ಕಂಬದ ತುದಿ. ಈಗ ಎಮ್ಮೆ, ಎಳನೀರಿನ ರಾಶಿ, ಲಾರಿಯ ಹಿಂದಿನ ಬರಹ. ಕಿಟಕಿಯ ಹೊರಗೆ ದೂರಕ್ಕೆ ನೋಡೋ ಮಕ್ಕಳಿಗೆ ವಾಂತಿ ಕಡಿಮೆ. ಘಾಟಿ ಇಳಿಯೋ ಮನೆಗಳಿಗೆ ಇದು ಸಣ್ಣ ಲಾಭ ಅಲ್ಲ. ಟ್ಯಾಬ್ ಕೊಡಲಿಲ್ಲ, ಕೇಳಲೂ ಇಲ್ಲ.

ಸಕಲೇಶಪುರದ ಹತ್ರ ಹಿಂದಿನ ವಾರ ಹೂಮಳೆ ಬಿದ್ದಿತ್ತು. ಕಾಫಿ ಗಿಡಗಳೆಲ್ಲ ಬೆಳ್ಳಗೆ, ಗಾಜು ಇಳಿಸಿದ್ರೆ ಮಲ್ಲಿಗೆಯನ್ನ ಹೋಲೋ ವಾಸನೆ. ಊರು ದಾಟಿ ಮಂಜರಾಬಾದ್ ಕೋಟೆಗೆ ಹತ್ತಿದ್ವಿ. ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ. ನೆಲದಿಂದ ನೋಡಿದ್ರೆ ನಕ್ಷತ್ರ ಗೊತ್ತಾಗೋದಿಲ್ಲ, ಗೋಡೆ ಮಡಚಿ ಮಡಚಿ ಹೋದ ಹಾಗೆ ಅಷ್ಟೇ. ಮೆಟ್ಟಿಲು ಹತ್ತಿಸೋದು ಮಕ್ಕಳಿಗೆ ಒಳ್ಳೇ ಉಪಾಯ, ನಾಲ್ಕು ಗಂಟೆ ಕೂತ ಕಾಲಿಗೆ ಕೆಲಸ ಸಿಗುತ್ತೆ. ಬೂಸ್ಟರಿನಲ್ಲಿ ಮಗು ಇಡೀ ದಾರಿ ನೆಟ್ಟಗೆ ಕೂರಬೇಕು, ಭುಜದ ಪಟ್ಟಿಯನ್ನ ಕಂಕುಳಿಗೆ ತಳ್ಳಬಾರದು. ಅಷ್ಟು ತಾಳ್ಮೆ ಬರದ ಮಕ್ಕಳಿಗೆ, ಎತ್ತರ ತೂಕ ಸರಿಯಿದ್ರೂ, ಹಾರ್ನೆಸ್ ಸೀಟೇ ಇನ್ನೂ ಸ್ವಲ್ಪ ದಿನ ಒಳ್ಳೇದು. ನಾವು ಗಂಟೆ, ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿದ್ವಿ.

ಬಿಸಿಲಲ್ಲಿ ನಿಂತ ಕಾರಿಗೆ ವಾಪಸ್ ಬಂದಾಗ ಬಕಲಿನ ಲೋಹದ ನಾಲಿಗೆ ಕಾದಿರುತ್ತೆ. ಏಪ್ರಿಲ್‌ನಲ್ಲಿ ಮಗುವಿನ ತೊಡೆಗೆ ತಾಗಿದ್ರೆ ಸುಡುತ್ತೆ. ಒಂದು ಟವೆಲ್ ಹೊದಿಸಿ ಹೋಗಿ, ಸಾಕು.

ಮಾರನಹಳ್ಳಿಯಿಂದ ಕೆಳಗೆ ಘಾಟಿ. ಬಲಕ್ಕೊಂದು ಎಡಕ್ಕೊಂದು ತಿರುವು, ಕೆಳಗೆಲ್ಲೋ ಕೆಂಪುಹೊಳೆ, ಮರದ ಸಂದಿಯಲ್ಲಿ ಅಲ್ಲಲ್ಲಿ ಹಸಿರು ಕತ್ತಲೆ. ಪುಟ್ಟಿ ಮತ್ತೆ ನಿದ್ದೆಗೆ ಜಾರಿದ್ಲು. ಬೆನ್ನಿರೋ ಬೂಸ್ಟರ್ ಯಾಕೆ ಅನ್ನೋದು ಇಲ್ಲಿ ಗೊತ್ತಾಗುತ್ತೆ. ನಿದ್ದೆ ಹತ್ತಿದ ಮಗುವಿನ ತಲೆ ತಿರುವಿಗೆ ತಕ್ಕ ಹಾಗೆ ವಾಲುತ್ತೆ. ಬರೀ ದಿಂಬಿನ ಮೇಲಾದ್ರೆ ತಲೆ ಜತೆ ಮೈಯೂ ವಾಲಿ, ಭುಜದ ಪಟ್ಟಿ ಜಾರಿ ತೋಳಿಗೆ ಬರುತ್ತೆ. ಆ ಹೊತ್ತಿಗೆ ಗುದ್ದಿದ್ರೆ ಬೆಲ್ಟ್ ಇದ್ದೂ ಇಲ್ಲದ ಹಾಗೆ. ಎರಡು ಕಡೆ ರೆಕ್ಕೆ ಇರೋ ಬೆನ್ನು ತಲೆಯನ್ನ ಒಳಗೇ ಇಟ್ಟುಕೊಳ್ಳುತ್ತೆ, ಪಟ್ಟಿ ಹಾಯೋ ಕೆಂಪು ಕೊಕ್ಕೆ ಭುಜದ ಪಕ್ಕದಲ್ಲೇ ಇರುತ್ತೆ. ಹಿಂದೆ ಅವಳ ಜತೆ ಕೂತಿದ್ದ ನನ್ನ ಗಂಡ ಇಡೀ ಘಾಟಿಯಲ್ಲಿ ಒಂದೇ ಒಂದು ಸಲ ಅವಳ ತಲೆ ಸರಿಮಾಡಿದ.

ಗುಂಡ್ಯಕ್ಕೆ ಸ್ವಲ್ಪ ಮುಂಚೆ, ಟ್ಯಾಂಕರ್ ಸಾಲನ್ನ ಹಿಂದೆ ಹಾಕೋ ಭರದಲ್ಲಿ ಒಂದು ಬಸ್ಸು ಸೀದಾ ನಮ್ಮ ಕಡೆಗೇ ಬಂತು. ನಾನು ಬ್ರೇಕ್ ಒತ್ತಿದೆ, ಪೂರ್ತಿ. ನಮ್ಮ ವೇಗ ನಲವತ್ತರ ಹತ್ರ ಇರಬೇಕು. ಕಾರು ಗಡಗಡ ಅಂತ ನಡುಗಿ ನಿಂತಿತು. ಬಸ್ಸು ಒಂದು ಮೊಳದಲ್ಲಿ ಪಕ್ಕದಿಂದ ಹೋಯ್ತು. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಸೀಟಿನ ಮೇಲೆ ಇದ್ದ ಒಂದು ಲೀಟರಿನ ಸ್ಟೀಲ್ ಬಾಟಲಿ ಮಾತ್ರ ಎರಡು ಸೀಟಿನ ಮಧ್ಯದಿಂದ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದು ನನ್ನ ಕಾಲ ಹತ್ರ ಬಿತ್ತು. ಪುಟ್ಟಿ ಕಣ್ಣು ಬಿಟ್ಟು ‘ನೀರು ಬೇಕು’ ಅಂದ್ಲು.

ಡಿಕ್ಕಿಯಲ್ಲ, ಬರೀ ಬ್ರೇಕು. ಒಂದು ಕೆ.ಜಿ. ಚಿಲ್ಲರೆ ಬಾಟಲಿಗೆ ಅಷ್ಟು. ಉಪ್ಪಿನಂಗಡಿವರೆಗೆ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಅಲ್ಲಿ ಕುಮಾರಧಾರೆ ಬಂದು ನೇತ್ರಾವತಿಗೆ ಸೇರೋ ಜಾಗದಲ್ಲಿ ನಿಲ್ಲಿಸಿ, ಬೇಸಿಗೆಯ ಸಣ್ಣ ನೀರನ್ನ ನೋಡ್ತಾ ಚಹಾ ಕುಡಿದ್ವಿ. ಬಾಟಲಿಯನ್ನ ಡಿಕ್ಕಿಗೆ ಹಾಕಿದ್ವಿ. ಮಗು ಇಲ್ಲದಾಗ ಐಸೋಫಿಕ್ಸ್ ಇಲ್ಲದ ಖಾಲಿ ಬೂಸ್ಟರಿಗೂ ಬೆಲ್ಟ್ ಹಾಕಿಡಬೇಕು, ಇಲ್ಲಾಂದ್ರೆ ಅದೂ ಬಾಟಲಿಯ ಹಾಗೇ.

ಪುತ್ತೂರಿನ ಭಾವನ ಮನೆಯಲ್ಲಿ ಜಾತ್ರೆಯ ಜನ. ಏಪ್ರಿಲ್ 17ರ ಬ್ರಹ್ಮರಥೋತ್ಸವಕ್ಕೆ ಊರೂರಿಂದ ಬಂದವರು. ಸಂಜೆ ದೇವಸ್ಥಾನಕ್ಕೆ ಹೊರಡೋವಾಗ ನೋಡಬೇಕು, ಒಂದು ಕಾರಿಗೆ ಎಂಟು ಜನ, ಮಕ್ಕಳೆಲ್ಲ ಮಡಿಲ ಮೇಲೆ. ‘ಮೂರು ಕಿಲೋಮೀಟರ್ ಮಾರಾಯ್ತಿ, ಇದಕ್ಕೂ ಆ ಕುರ್ಚಿಯಾ?’ ಅಂತ ನಗು. ಇದಕ್ಕೂ ಅದೇ ಕುರ್ಚಿ ಅಂತ ನಾನೂ ನಕ್ಕೆ, ಎರಡು ಟ್ರಿಪ್ ಹೊಡೆದೆ. ಪೇಟೆಯೊಳಗಿನ 50ರ ವೇಗಕ್ಕೂ ಗುದ್ದಿದ್ರೆ ಬೆಲ್ಟಿಲ್ಲದ ಮೈಗೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಮೂರನೇ ಮಹಡಿ ಅಂತ ಇಟ್ಕೊಳ್ಳಿ. ಹೈವೇಯ ನೂರಕ್ಕೆ ಅದು 39 ಮೀಟರ್. ಕಾನೂನೂ ಮೂರು ಕಿ.ಮೀ.ಗೆ ರಿಯಾಯಿತಿ ಕೊಟ್ಟಿಲ್ಲ: 2019ರ ತಿದ್ದುಪಡಿಯ 194ಬಿ ಪ್ರಕಾರ 14 ವರ್ಷದೊಳಗಿನ ಮಗು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಇಲ್ಲದಿದ್ರೆ 1000 ರೂಪಾಯಿ ದಂಡ. ದಂಡ ಹಾಕಿದ್ದನ್ನ ನಾನಂತೂ ಕಂಡಿಲ್ಲ.

ಭಾವನ ಮಗನಿಗೆ ಒಂಬತ್ತು ವರ್ಷ, 128 ಸೆಂ.ಮೀ. ಎರಡನೇ ಟ್ರಿಪ್ಪಿನಲ್ಲಿ ಅವನು ನಮ್ಮ ಕಾರು ಹತ್ತಿದ. ಬೆಲ್ಟ್ ಎಳೆದುಕೊಂಡು, ಕುತ್ತಿಗೆಗೆ ಕಚ್ಚಿದ ತಕ್ಷಣ ಅಭ್ಯಾಸಬಲದಲ್ಲಿ ಪಟ್ಟಿಯನ್ನ ಬೆನ್ನ ಹಿಂದಕ್ಕೆ ಹಾಕಿದ. ಶಾಲೆಗೆ ಹೋಗೋವಾಗೆಲ್ಲ ಹಾಗೇ ಅಂತೆ. ಮುಂದೆ ಕೂತಿದ್ದ ಮಾವ ತಿರುಗಿ ನೋಡಿದ್ರು. ಏನೂ ಹೇಳಲಿಲ್ಲ.

ಮಾರನೇ ಬೆಳಗ್ಗೆ ಜಗಲಿಯಲ್ಲಿ ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಅವರು ಏನೋ ಗೀಚ್ತಾ ಇದ್ರು. ನನ್ನನ್ನ ಕರೆದು ಕೇಳಿದ್ರು, ‘ಆ 0.1 ಸೆಕೆಂಡ್ ಎಲ್ಲಿಂದ ತಂದದ್ದು?’ ಕಾರಿನ ಮೂತಿ ಎಪ್ಪತ್ತು ಸೆಂ.ಮೀ. ನುಜ್ಜಾಗುತ್ತೆ ಅಂತ ಇಟ್ಟುಕೊಂಡ್ರೆ ಅಷ್ಟು ಬರುತ್ತೆ ಅಂದೆ. ದೂರದ ಎರಡರಷ್ಟನ್ನ ವೇಗದಿಂದ ಭಾಗಿಸಿ ನೋಡಿದ್ರು. 1.4 ಬೈ 13.9. ‘ಸರಿ ಉಂಟು’ ಅಂದ್ರು. ಆಮೇಲೆ ಸ್ವಲ್ಪ ಹೊತ್ತು ತಮ್ಮ ಅಂಗೈ ನೋಡಿಕೊಂಡು ಕೂತ್ರು. ನಾನು ಅಲ್ಲಿಂದ ಎದ್ದು ಹೋದೆ.

ಮಧ್ಯಾಹ್ನ ನಮ್ಮ ಬೂಸ್ಟರಿನ ಬೆನ್ನು ಕಳಚಿ ಹುಡುಗನನ್ನ ಕೂರಿಸಿದ್ದು ಮಾವನೇ. ಪಟ್ಟಿ ಭುಜದ ಮಧ್ಯಕ್ಕೆ ಬಂತು, ಕೆಳಗಿನದು ತೊಡೆ ಬುಡಕ್ಕೆ. ಬೂಸ್ಟರ್ ತೆಗೆದು ಬರೀ ಸೀಟಿನಲ್ಲೂ ಕೂರಿಸಿದ್ರು: ಬೆನ್ನು ಹಿಂದಕ್ಕೆ ಒರಗಿಸಿದ್ರೆ ಮೊಣಕಾಲು ಸೀಟಿನ ಅಂಚಿಗೆ ಬರೋದಿಲ್ಲ, ಪಾದ ಗಾಳಿಯಲ್ಲಿ. ಈ ಪರೀಕ್ಷೆ ಪಾಸಾಗೋವರೆಗೆ ಬೂಸ್ಟರ್ ಬೇಕು. ಬ್ರಿಟನ್ನಿನಲ್ಲಿ 135 ಸೆಂ.ಮೀ. ಅಥವಾ 12 ವರ್ಷ, ಜರ್ಮನಿಯಲ್ಲಿ 150 ಸೆಂ.ಮೀ. ಅಥವಾ 12 ವರ್ಷ. ಹುಡುಗನಿಗೆ ‘ಪಾಪು ಸೀಟು’ ಅಂತ ನಾಚಿಕೆ. ಬೆನ್ನು ಕಳಚಿದಮೇಲೆ ಹೊರಗಿನಿಂದ ಏನೂ ಕಾಣೋದಿಲ್ಲ ಅಂತ ಕಾರಿನ ಸುತ್ತ ಒಂದು ಸುತ್ತು ಹಾಕಿ ಖಾತ್ರಿ ಮಾಡಿಕೊಂಡ.

ಭಾವ ಸುಲಭಕ್ಕೆ ಒಪ್ಪೋ ಆಸಾಮಿ ಅಲ್ಲ. ‘ನಮ್ಮದು ಐದು ಸ್ಟಾರ್ ಕಾರು, ಮಕ್ಕಳ ಸುರಕ್ಷತೆಗೂ ಐದು’ ಅಂದ್ರು. ಒಳ್ಳೇ ಕಾರೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್‌ನ ಮಕ್ಕಳ ಅಂಕ 49ಕ್ಕೆ. ಅದರಲ್ಲಿ ಕೂರಿಸೋ ಗೊಂಬೆಗಳು ಒಂದೂವರೆ ವರ್ಷ ಮತ್ತು ಮೂರು ವರ್ಷದ ಮಕ್ಕಳ ಅಳತೆಯವು, ಅವೂ ಮಕ್ಕಳ ಸೀಟಿನಲ್ಲಿ ಕಟ್ಟಿದವು. ಒಂಬತ್ತು ವರ್ಷದ, ಪಟ್ಟಿ ಬೆನ್ನ ಹಿಂದೆ ಹಾಕಿಕೊಂಡ ಹುಡುಗನಿಗೆ ಆ ಸ್ಟಾರು ಏನೂ ಹೇಳೋದಿಲ್ಲ. ಭಾವ ‘ನೋಡುವ’ ಅಂದ್ರು. ಪುತ್ತೂರಿನ ‘ನೋಡುವ’ಕ್ಕೆ ಇಲ್ಲ ಅಂತ ಅರ್ಥ ಅಂತ ನನ್ನ ಗಂಡ ಆಮೇಲೆ ಹೇಳಿದ.

ವಾಪಸ್ ಬರೋವಾಗ ಅತ್ತೆ ಕೊಟ್ಟ ಹಲಸಿನಹಣ್ಣು ಹತ್ತು ಕೆ.ಜಿ. ಮೇಲಿತ್ತು. ಅದನ್ನ ಸೀಟಿನ ಮೇಲಿಡಲು ಹೋದ ಗಂಡನನ್ನ ತಡೆದು ಡಿಕ್ಕಿ ತೆಗೆಸಿದ್ದು ಮಾವ. ಅವರಿಬ್ಬರೂ ಮತ್ತೆ ರೈಲಿಗೇ ಬಂದ್ರು, ಈ ಸಲ ಟಿಕೆಟ್ ಮಾಡಿಸಿದ್ದು ಅವರೇ.

ಹದಿನೈದು ದಿನ ಬಿಟ್ಟು ಭಾವ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ರು, ನನಗಲ್ಲ, ಮಾವನಿಗೆ. ಕಿತ್ತಳೆ ಸ್ಟಿಕರಿನದು. ಮಾವ ಕನ್ನಡಕ ಹಾಕಿಕೊಂಡು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದ್ರು: ‘ಆರ್129 ಉಂಟು. 100ರಿಂದ 150. ತಗೊಳ್ಳಬಹುದು.’